ಆಧಾರ ಸ್ವರವನ್ನು ಬಿಟ್ಟ ಸಂಗೀತ: ಆರ್ನಾಲ್ಡ್ ಶೋನ್‌ಬರ್ಗ್ ಮಾಡಿದ್ದೇನು?

2025ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಪೆಸಿಫಿಕ್ ಪ್ಯಾಲಿಸೇಡ್ಸ್ ಪ್ರದೇಶವನ್ನು ಕಾಳ್ಗಿಚ್ಚು ಆವರಿಸಿದಾಗ, ಸಾವಿರಾರು ಮನೆಗಳ ಜೊತೆಗೆ ಬೆಲ್ಮಾಂಟ್ ಮ್ಯೂಸಿಕ್ ಪಬ್ಲಿಷರ್ಸ್ ಎಂಬ ಸಣ್ಣ ಪ್ರಕಾಶನ ಸಂಸ್ಥೆಯ ದಾಸ್ತಾನು ಕೂಡ ಸುಟ್ಟುಹೋಯಿತು. ಅಲ್ಲಿದ್ದ ಸುಮಾರು ಒಂದು ಲಕ್ಷ ಸ್ವರಲಿಪಿ ಪ್ರತಿಗಳು ಆರ್ನಾಲ್ಡ್ ಶೋನ್‌ಬರ್ಗ್ ಎಂಬ ಒಬ್ಬರೇ ಸಂಯೋಜಕರ ಕೃತಿಗಳಿಗೆ ಸೇರಿದ್ದವು. ಜಗತ್ತಿನ ಆರ್ಕೆಸ್ಟ್ರಾಗಳು ಕಛೇರಿಗೆ ಮುನ್ನ ಬಾಡಿಗೆಗೆ ತರಿಸಿಕೊಳ್ಳುತ್ತಿದ್ದ ಪ್ರತಿಗಳು ಅವು. ಮೂಲ ಹಸ್ತಪ್ರತಿಗಳು ಮಾತ್ರ ವಿಯೆನ್ನಾದ ಆರ್ನಾಲ್ಡ್ ಶೋನ್‌ಬರ್ಗ್ ಸೆಂಟರ್‌ನಲ್ಲಿ ಸುರಕ್ಷಿತವಾಗಿದ್ದವು. ಅದಕ್ಕೆ ಕೆಲವೇ ತಿಂಗಳ ಹಿಂದೆ, 2024ರ ಸೆಪ್ಟೆಂಬರ್‌ನಲ್ಲಿ, ಅವರು ಹುಟ್ಟಿ 150 ವರ್ಷ ತುಂಬಿತ್ತು. ಹೀಗೆ ಎರಡು ಕಾರಣಗಳಿಂದ ಸುದ್ದಿಗೆ ಬಂದ ಈ ಹೆಸರು ನಮ್ಮಲ್ಲಿ ಅನೇಕರಿಗೆ ಹೊಸದು. ಕೇಳಿ ಬಲ್ಲವರು ಕೂಡ ‘ಅರ್ಥವಾಗದ ಸಂಗೀತ ಬರೆದವರು’ ಎಂದಷ್ಟೇ ತಿಳಿದಿರುತ್ತಾರೆ.

ಆದರೆ ಅವರು ಎದುರಿಸಿದ ಪ್ರಶ್ನೆಯನ್ನು ಕರ್ನಾಟಕ ಸಂಗೀತವನ್ನು ಸ್ವಲ್ಪ ಕೇಳಿದವರೂ ಹಿಡಿಯಬಹುದು. ಆಧಾರ ಸ್ವರವೇ ಇಲ್ಲದೆ ಸಂಗೀತ ನಿಲ್ಲಬಲ್ಲದೇ? ನಿಲ್ಲುವುದಾದರೆ ಅದನ್ನು ಹಿಡಿದಿಡುವುದು ಯಾವುದು? ಶೋನ್‌ಬರ್ಗ್ ಅವರ ಐವತ್ತು ವರ್ಷಗಳ ಕೆಲಸದ ತಿರುಳು ಇರುವುದು ಈ ಎರಡು ಪ್ರಶ್ನೆಗಳಲ್ಲಿ.

ಆಧಾರ ಸ್ವರ ಎಂದರೇನು, ಹಾರ್ಮನಿ ಎಂದರೇನು

ನಮ್ಮ ಕಛೇರಿಯಲ್ಲಿ ತಂಬೂರಿ ಮೊದಲಿನಿಂದ ಕೊನೆಯವರೆಗೆ ಷಡ್ಜ ಪಂಚಮಗಳನ್ನು ಮೀಟುತ್ತಲೇ ಇರುತ್ತದೆ. ಗಾಯಕರು ಹಾಡುವ ಪ್ರತಿಯೊಂದು ಸ್ವರಕ್ಕೂ ಅರ್ಥ ಬರುವುದು ಆ ಷಡ್ಜದಿಂದ ಅದು ಎಷ್ಟು ದೂರದಲ್ಲಿದೆ ಎಂಬುದರ ಮೇಲೆ. ನಿಷಾದದಲ್ಲಿ ನಿಂತಾಗ ಕೇಳುಗರಿಗೆ ಕಾಯುವ ಭಾವ ಬರುತ್ತದೆ, ಷಡ್ಜಕ್ಕೆ ಬಂದು ಸೇರಿದಾಗ ಸಮಾಧಾನವಾಗುತ್ತದೆ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ತಂಬೂರಿ ಇಲ್ಲ. ಆದರೂ ಸುಮಾರು 1600ರಿಂದ 1900ರವರೆಗಿನ ಅದರ ಬಹುಪಾಲು ರಚನೆಗಳಲ್ಲಿ ಇಂಥದೇ ಒಂದು ಆಧಾರ ಸ್ವರ, ಕಿವಿಗೆ ನೇರವಾಗಿ ಕೇಳಿಸದಿದ್ದರೂ, ಉದ್ದಕ್ಕೂ ಕೆಲಸ ಮಾಡುತ್ತಿರುತ್ತದೆ. ಈ ವ್ಯವಸ್ಥೆಗೆ ಟೊನ್ಯಾಲಿಟಿ ಎಂದು ಹೆಸರು. ನಮ್ಮಲ್ಲಿ ಗ್ರಹಭೇದ ಮಾಡುವವರು ಷಡ್ಜವನ್ನು ಕೆಲವು ಕ್ಷಣ ಬೇರೆ ಸ್ವರಕ್ಕೆ ಸರಿಸಿ, ಹೊಸ ರಾಗದ ಛಾಯೆ ತೋರಿಸಿ, ಮತ್ತೆ ಹಳೆಯ ಷಡ್ಜಕ್ಕೆ ಮರಳುತ್ತಾರೆ. ಅಲ್ಲಿ ಹೀಗೆ ಆಧಾರವನ್ನು ಸರಿಸುವುದು ಅಪರೂಪದ ಚಮತ್ಕಾರವಲ್ಲ, ನಿತ್ಯದ ರೂಢಿ. ಅರ್ಧ ಗಂಟೆಯ ಒಂದು ಸಿಂಫನಿ ತನ್ನ ಆಧಾರದಿಂದ ಹೊರಟು, ಹಲವು ಆಧಾರಗಳನ್ನು ಸುತ್ತಿ, ಕೊನೆಗೆ ಮೊದಲಿನದಕ್ಕೆ ಬಂದು ಮುಗಿಯುತ್ತದೆ. ದೊಡ್ಡ ರಚನೆಯನ್ನು ಕುಸಿಯದಂತೆ ಹಿಡಿದಿಡುತ್ತಿದ್ದುದೇ ಈ ಮರಳುವಿಕೆ.

ಇನ್ನೊಂದು ವ್ಯತ್ಯಾಸವನ್ನೂ ಗಮನದಲ್ಲಿಡಬೇಕು. ನಾವು ಸ್ವರಗಳನ್ನು ಒಂದಾದ ಮೇಲೊಂದು ಹಾಡುತ್ತೇವೆ. ಅಲ್ಲಿ ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ನುಡಿಸುತ್ತಾರೆ. ಹಾಗೆ ಒಟ್ಟಿಗೆ ನುಡಿಯುವ ಗುಂಪು ಕಾರ್ಡ್. ಕಾರ್ಡ್‌ಗಳ ನಡಿಗೆಯ ಶಾಸ್ತ್ರ ಹಾರ್ಮನಿ. ಷಡ್ಜ, ಅಂತರ ಗಾಂಧಾರ, ಪಂಚಮಗಳು ಒಟ್ಟಿಗೆ ನುಡಿದರೆ ಹಿತವಾಗಿರುತ್ತದೆ. ಷಡ್ಜ ಮತ್ತು ಶುದ್ಧ ರಿಷಭ ಒಟ್ಟಿಗೆ ನುಡಿದರೆ ಕರ್ಕಶವಾಗುತ್ತದೆ. ಈ ಎರಡನೆಯ ಬಗೆಯನ್ನು ಡಿಸೋನೆನ್ಸ್ ಎನ್ನುತ್ತಾರೆ, ನಾವು ಅಪಸ್ವರತೆ ಎನ್ನೋಣ. ಹಳೆಯ ನಿಯಮದ ಪ್ರಕಾರ ಅಪಸ್ವರತೆಯ ಕಾರ್ಡನ್ನು ಬಳಸಬಹುದಿತ್ತು. ಆದರೆ ಅದರ ಬೆನ್ನಿಗೇ ಹಿತವಾದ ಕಾರ್ಡ್ ಬಂದು ಬಿಗಿಯನ್ನು ಸಡಿಲಿಸಲೇಬೇಕಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನ್ ಸಂಯೋಜಕ ವಾಗ್ನರ್ ಮತ್ತು ಅವರ ನಂತರದವರು ಈ ಸಡಿಲಿಕೆಯನ್ನು ಮುಂದೂಡುತ್ತಾ ಹೋದರು. ಆಧಾರ ಸ್ವರ ಯಾವುದೆಂದು ಹೇಳುವುದೇ ಕಷ್ಟವಾಗುವಷ್ಟು ಅದು ಬೆಳೆದಿದ್ದಾಗ ಶೋನ್‌ಬರ್ಗ್ ಬರೆಯಲು ಕುಳಿತರು.

ಗುರುಕುಲವಿಲ್ಲದೆ ಕಲಿತವರು

ಅವರು ಹುಟ್ಟಿದ್ದು 1874ರ ಸೆಪ್ಟೆಂಬರ್ 13ರಂದು, ವಿಯೆನ್ನಾದಲ್ಲಿ ಯಹೂದಿಗಳು ಹೆಚ್ಚಾಗಿ ನೆಲೆಸಿದ್ದ ಲಿಯೋಪೋಲ್ಡ್‌ಸ್ಟಾಟ್ ಬಡಾವಣೆಯಲ್ಲಿ. ತಂದೆ ಪಾದರಕ್ಷೆಗಳ ವ್ಯಾಪಾರಿ. ಮಗ ಹದಿಹರೆಯದಲ್ಲಿದ್ದಾಗಲೇ ಅವರು ತೀರಿಕೊಂಡದ್ದರಿಂದ ಹುಡುಗ ಬ್ಯಾಂಕಿನಲ್ಲಿ ಗುಮಾಸ್ತಗಿರಿಗೆ ಸೇರಬೇಕಾಯಿತು. ಸಂಗೀತ ಶಾಲೆಯ ಮೆಟ್ಟಿಲನ್ನು ವಿದ್ಯಾರ್ಥಿಯಾಗಿ ಅವರು ಹತ್ತಲಿಲ್ಲ. ಗೆಳೆಯರೊಡನೆ ವಾದ್ಯ ನುಡಿಸುತ್ತಾ, ಬಾಖ್, ಮೊಜಾರ್ಟ್, ಬೀಥೋವನ್, ಬ್ರಾಮ್ಸ್ ಅವರ ಸ್ವರಲಿಪಿಗಳನ್ನು ಓದುತ್ತಾ ಕಲಿತರು. ಅಲೆಕ್ಸಾಂಡರ್ ಜೆಮ್ಲಿನ್ಸ್ಕಿ ಎಂಬ ಸಂಯೋಜಕರು ಸ್ವಲ್ಪ ಕಾಲ ಮಾರ್ಗದರ್ಶನ ಮಾಡಿದರು. ಅವರ ತಂಗಿ ಮಟಿಲ್ಡಾ ಅವರನ್ನು ಶೋನ್‌ಬರ್ಗ್ 1901ರಲ್ಲಿ ಮದುವೆಯಾದರು. ಹೊಟ್ಟೆಪಾಡಿಗಾಗಿ ಇತರರ ಲಘು ಸಂಗೀತ ನಾಟಕಗಳನ್ನು ಆರ್ಕೆಸ್ಟ್ರಾಕ್ಕೆ ಅಳವಡಿಸಿಕೊಡುವ ಕೆಲಸವನ್ನೂ ಮಾಡಿದರು.

1899ರಲ್ಲಿ ಆರು ತಂತಿ ವಾದ್ಯಗಳಿಗಾಗಿ ಬರೆದ ‘ವರ್ಕ್ಲೇರ್ಟೆ ನಾಖ್ಟ್’ ಅವರ ಮೊದಲ ಮಹತ್ವದ ಕೃತಿ. ಕಾಡಿನಲ್ಲಿ ನಡೆಯುತ್ತಿರುವ ಒಬ್ಬ ಹೆಣ್ಣು ತನ್ನ ಗರ್ಭದಲ್ಲಿರುವುದು ಬೇರೊಬ್ಬನ ಮಗು ಎಂದು ಜೊತೆಗಿರುವವನಿಗೆ ಹೇಳುತ್ತಾಳೆ, ಅವನು ಆ ಮಗುವನ್ನು ತನ್ನದೆಂದು ಸ್ವೀಕರಿಸುತ್ತಾನೆ. ರಿಚರ್ಡ್ ಡೆಮೆಲ್ ಅವರ ಈ ಕವಿತೆಯನ್ನು ಅವರು ಮಾತಿಲ್ಲದೆ ವಾದ್ಯಗಳಲ್ಲೇ ನಿರೂಪಿಸಿದರು. ವಿಯೆನ್ನಾದ ಒಂದು ಸಂಗೀತ ಸಂಘ ಅದನ್ನು ನುಡಿಸಲು ಒಪ್ಪಲಿಲ್ಲ. ಪಠ್ಯಪುಸ್ತಕಗಳಲ್ಲಿ ಹೆಸರೇ ಇಲ್ಲದ ಒಂದು ಕಾರ್ಡ್ ಅದರಲ್ಲಿ ಇದ್ದುದೇ ಕಾರಣ ಎಂದು ಶೋನ್‌ಬರ್ಗ್ ಮುಂದೆ ಬರೆದಿದ್ದಾರೆ. ಇಂದು ಕೇಳುವವರಿಗೆ ಆ ಸಂಗೀತ ಅತ್ಯಂತ ಮಧುರವಾಗಿಯೇ ಕೇಳುತ್ತದೆ.

1908: ಆಧಾರ ಕಳಚಿದ್ದು

ಶೋನ್‌ಬರ್ಗ್ ಒಂದು ದಿನ ಎದ್ದು ಹಳೆಯದನ್ನೆಲ್ಲ ಒಡೆದರು ಎಂಬ ಕಲ್ಪನೆ ತಪ್ಪು. ಅವರ ಎರಡನೆಯ ಸ್ಟ್ರಿಂಗ್ ಕ್ವಾರ್ಟೆಟ್‌ನಲ್ಲಿ, ಅಂದರೆ ಎರಡು ವಯೊಲಿನ್, ಒಂದು ವಿಯೊಲಾ, ಒಂದು ಚೆಲ್ಲೊ ಸೇರಿದ ರಚನೆಯಲ್ಲಿ, ಈ ಬದಲಾವಣೆ ಹಂತ ಹಂತವಾಗಿ ಆಗುವುದನ್ನು ಕಿವಿಯಾರೆ ಕೇಳಬಹುದು. ಅದರ ಮೊದಲ ಭಾಗಕ್ಕೆ ಸ್ಪಷ್ಟವಾದ ಆಧಾರ ಸ್ವರವಿದೆ. ಮುಂದಿನ ಭಾಗಗಳಲ್ಲಿ ಅದು ಮಸುಕಾಗುತ್ತದೆ. ನಾಲ್ಕನೆಯ ಭಾಗದ ಬಹುಪಾಲಿನಲ್ಲಿ ಅದು ಇಲ್ಲವೇ ಇಲ್ಲ. ವಾದ್ಯಗಳಷ್ಟೇ ಇರಬೇಕಾದ ಈ ಪ್ರಕಾರಕ್ಕೆ ಮೂರನೆಯ ಭಾಗದಿಂದಲೇ ಒಬ್ಬ ಗಾಯಕಿಯ ಧ್ವನಿಯೂ ಸೇರುತ್ತದೆ. ನಾಲ್ಕನೆಯ ಭಾಗದಲ್ಲಿ ಆಕೆ ಹಾಡುವುದು ಸ್ಟೆಫಾನ್ ಗೆಯೋರ್ಗೆ ಅವರ ಕವಿತೆಯನ್ನು, ಅದರ ಮೊದಲ ಸಾಲೇ ಬೇರೊಂದು ಗ್ರಹದ ಗಾಳಿ ತನ್ನನ್ನು ಸೋಕುತ್ತಿದೆ ಎನ್ನುತ್ತದೆ. ಆ ವರ್ಷ ಅವರ ಸಂಸಾರದಲ್ಲೂ ದೊಡ್ಡ ಬಿರುಕು ಬಿಟ್ಟಿತ್ತು. ಮನೆ ಬಿಟ್ಟು ಹೋಗಿದ್ದ ಪತ್ನಿ ಮರಳಿದ ಮೇಲೆ ಈ ಕೃತಿಯನ್ನು ಆಕೆಗೇ ಅರ್ಪಿಸಿದರು. 1908ರ ಡಿಸೆಂಬರ್ 21ರಂದು ವಿಯೆನ್ನಾದಲ್ಲಿ ಮೊದಲ ಬಾರಿ ನುಡಿಸಿದಾಗ ಸಭೆಯಲ್ಲಿ ಗದ್ದಲವೆದ್ದಿತು.

ಆಧಾರವನ್ನು ಬಿಡುವುದಕ್ಕೆ ಅವರು ಕೊಟ್ಟ ಕಾರಣ ಧ್ವನಿಯ ಸ್ವಭಾವಕ್ಕೆ ಸಂಬಂಧಿಸಿದ್ದು. ತಂಬೂರಿಯ ಮಂದ್ರ ಷಡ್ಜದ ತಂತಿಯನ್ನು ಮೀಟಿ ಗಮನವಿಟ್ಟು ಕೇಳಿದರೆ, ಯಾರೂ ನುಡಿಸದ ಅಂತರ ಗಾಂಧಾರ ಮೆಲ್ಲಗೆ ಕೇಳಿಸುತ್ತದೆ. ಅದನ್ನೇ ನಮ್ಮವರು ಸ್ವಯಂಭೂ ಗಾಂಧಾರ ಎನ್ನುವುದು. ಒಂದು ತಂತಿ ಕಂಪಿಸಿದಾಗ ಅದರ ಮೂಲ ಸ್ವರದೊಡನೆ ಹಲವು ಉಪಸ್ವರಗಳು ಹುಟ್ಟುತ್ತವೆ. ಮೊದಲು ಮೇಲಿನ ಷಡ್ಜ, ನಂತರ ಪಂಚಮ, ಮುಂದೆ ಗಾಂಧಾರ, ಇನ್ನೂ ಮೇಲಕ್ಕೆ ಹೋದಂತೆ ಷಡ್ಜದೊಡನೆ ಕಡಿಮೆ ಹೊಂದುವ ಸ್ವರಗಳು. 1911ರಲ್ಲಿ ಪ್ರಕಟವಾದ ‘ಹಾರ್ಮೊನೀಲೇರೆ’ ಎಂಬ ಶಾಸ್ತ್ರಗ್ರಂಥದಲ್ಲಿ ಶೋನ್‌ಬರ್ಗ್ ಇದನ್ನೇ ಹಿಡಿದು ವಾದಿಸಿದರು. ಹಿತವೆನಿಸುವ ಸ್ವರಗಳು ಹತ್ತಿರದ ಉಪಸ್ವರಗಳು, ಕರ್ಕಶವೆನಿಸುವವು ದೂರದವು. ಎರಡೂ ಒಂದೇ ಮೂಲದಿಂದ ಬಂದವು, ಇರುವ ವ್ಯತ್ಯಾಸ ಪ್ರಮಾಣದ್ದೇ ಹೊರತು ಜಾತಿಯದ್ದಲ್ಲ. ಕಿವಿ ಅಭ್ಯಾಸವಾದಂತೆ ದೂರದ್ದೂ ಪರಿಚಿತವಾಗುತ್ತದೆ. ಹಾಗಿರುವಾಗ ಅಪಸ್ವರತೆಯ ಕಾರ್ಡ್ ಪ್ರತಿ ಬಾರಿಯೂ ಹಿತವಾದ ಕಾರ್ಡಿಗೆ ಶರಣಾಗಬೇಕಾದ ಅಗತ್ಯವಿಲ್ಲ. ಇದನ್ನು ಅವರು ಅಪಸ್ವರತೆಯ ಬಿಡುಗಡೆ ಎಂದು ಕರೆದರು. ಸಾಂಪ್ರದಾಯಿಕ ಹಾರ್ಮನಿಯನ್ನೇ ನೂರಾರು ಪುಟಗಳಲ್ಲಿ ಬೋಧಿಸುವ ಆ ಗ್ರಂಥವನ್ನು ಅವರು ಸಂಯೋಜಕ ಮಾಹ್ಲರ್ ಅವರ ನೆನಪಿಗೆ ಅರ್ಪಿಸಿದ್ದಾರೆ. ಅದರ ಮೊದಲ ವಾಕ್ಯ, ‘ಈ ಪುಸ್ತಕವನ್ನು ನಾನು ನನ್ನ ಶಿಷ್ಯರಿಂದ ಕಲಿತೆ.’

1909ರಿಂದ 1912ರವರೆಗಿನ ಅವಧಿ ಅವರ ಬದುಕಿನಲ್ಲೇ ಅತ್ಯಂತ ಫಲವತ್ತಾದದ್ದು ಎಂದು ನನ್ನ ಎಣಿಕೆ. ಒಬ್ಬಳೇ ಗಾಯಕಿ ಇಡೀ ಆರ್ಕೆಸ್ಟ್ರಾದ ಎದುರು ಹಾಡುವ ‘ಎರ್ವಾರ್ಟುಂಗ್’, ಪಿಯಾನೊದ ಮೂರು ತುಣುಕುಗಳು, ನಂತರ 1912ರ ‘ಪಿಯೆರೊ ಲ್ಯೂನೇರ್’ ಎಲ್ಲವೂ ಆಗಿನವು. ಈ ಕೊನೆಯದರಲ್ಲಿ ಕಲಾವಿದೆ ಪೂರ್ತಿ ಹಾಡುವುದೂ ಇಲ್ಲ, ಪೂರ್ತಿ ಮಾತಾಡುವುದೂ ಇಲ್ಲ. ಸ್ವರವನ್ನು ಮುಟ್ಟಿ ಕೂಡಲೇ ಅಲ್ಲಿಂದ ಏರುತ್ತಲೋ ಇಳಿಯುತ್ತಲೋ ಜಾರುವ ನುಡಿಗಾಯನ ಅದು. ಐವರು ವಾದಕರು ಎಂಟು ವಾದ್ಯಗಳನ್ನು ಬದಲಿಸಿ ನುಡಿಸುತ್ತಾ 21 ಕವಿತೆಗಳಿಗೆ ಒಂದೊಂದಕ್ಕೂ ಬೇರೆ ಬಣ್ಣ ಕೊಡುತ್ತಾರೆ. ಅದೇ ವರ್ಷಗಳಲ್ಲಿ ಶೋನ್‌ಬರ್ಗ್ ಚಿತ್ರಗಳನ್ನೂ ಬರೆದರು. 1911ರ ಜನವರಿಯಲ್ಲಿ ಮ್ಯೂನಿಕ್‌ನ ಕಛೇರಿಯೊಂದರಲ್ಲಿ ಅವರ ಸಂಗೀತ ಕೇಳಿದ ಚಿತ್ರಕಾರ ವಾಸಿಲಿ ಕಾಂಡಿನ್ಸ್ಕಿ ಅವರಿಗೆ ಪತ್ರ ಬರೆದರು. ಚಿತ್ರದಲ್ಲಿ ತಾನು ಹುಡುಕುತ್ತಿದ್ದುದಕ್ಕೂ ಇವರು ಸಂಗೀತದಲ್ಲಿ ಮಾಡಿದ್ದಕ್ಕೂ ಇದ್ದ ನಂಟನ್ನು ಅವರು ಆ ಸಭೆಯಲ್ಲೇ ಗುರುತಿಸಿದ್ದರು.

1913ರ ಐದು ವಾರಗಳು

ವಿಯೆನ್ನಾ ಅವರನ್ನು ಹೇಗೆ ಕಂಡಿತು ಎಂಬುದಕ್ಕೆ ಎರಡು ಸಂಜೆಗಳು ಸಾಕು. 1913ರ ಫೆಬ್ರವರಿ 23ರಂದು ‘ಗುರೆಲೀಡರ್’ ಮೊದಲ ಬಾರಿಗೆ ಪ್ರದರ್ಶಿತವಾಯಿತು. ಭಾರಿ ಆರ್ಕೆಸ್ಟ್ರಾ, ಹಲವು ಗಾಯನ ವೃಂದಗಳು ಬೇಕಾದ ಈ ಕೃತಿಯನ್ನು ಅವರು 1900ರಲ್ಲಿ, ಆಧಾರ ಸ್ವರವನ್ನು ಬಿಡುವ ಮೊದಲೇ, ರಚಿಸಲು ತೊಡಗಿದ್ದರು. ಸಭೆ ಎದ್ದು ನಿಂತು ಹರ್ಷೋದ್ಗಾರ ಮಾಡಿತು. ಶೋನ್‌ಬರ್ಗ್ ಕಲಾವಿದರಿಗೆ ವಂದಿಸಿದರು, ಸಭಿಕರ ಕಡೆಗೆ ಮಾತ್ರ ತಿರುಗಲಿಲ್ಲ. ತಮ್ಮ ಹಳೆಯ ಶೈಲಿಗೆ ಸಿಕ್ಕ ಚಪ್ಪಾಳೆ ಈಗಿನ ತಮ್ಮ ಕೆಲಸಕ್ಕೆ ಸಿಕ್ಕದ್ದಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಐದು ವಾರಗಳ ನಂತರ, ಮಾರ್ಚ್ 31ರಂದು, ಮ್ಯೂಸಿಕ್‌ವೆರೈನ್ ಸಭಾಂಗಣದಲ್ಲಿ ಅವರೇ ನಿರ್ದೇಶಿಸಿದ ಕಛೇರಿಯಲ್ಲಿ ಅವರದಲ್ಲದೆ ಶಿಷ್ಯರಾದ ಆಂಟೊನ್ ವೆಬರ್ನ್ ಮತ್ತು ಆಲ್ಬನ್ ಬರ್ಗ್ ಅವರ ರಚನೆಗಳೂ ಇದ್ದವು. ನಗು, ಸಿಳ್ಳೆಗಳಿಂದ ಆರಂಭವಾದದ್ದು ಬರ್ಗ್ ಅವರ ಹಾಡುಗಳ ಹೊತ್ತಿಗೆ ಹೊಡೆದಾಟವಾಯಿತು. ಕೊನೆಯಲ್ಲಿ ಇರಬೇಕಿದ್ದ ಮಾಹ್ಲರ್ ಕೃತಿಯನ್ನು ನುಡಿಸಲಾಗದೆ ಕಛೇರಿ ಅರ್ಧಕ್ಕೇ ನಿಂತಿತು. ಕೆನ್ನೆಗೆ ಬಾರಿಸಿದ ಕಛೇರಿ ಎಂಬ ಹೆಸರಿನಲ್ಲೇ ವಿಯೆನ್ನಾದವರು ಇಂದಿಗೂ ಅದನ್ನು ನೆನೆಯುತ್ತಾರೆ.

ಇದರಿಂದ ಶೋನ್‌ಬರ್ಗ್ ಕಲಿತ ಪಾಠ ಹೊಸ ಸಂಗೀತಕ್ಕೆ ಹೊಸ ರೀತಿಯ ಸಭೆ ಬೇಕು ಎಂಬುದು. 1918ರಲ್ಲಿ ಅವರು ಆರಂಭಿಸಿದ ಖಾಸಗಿ ಕಛೇರಿಗಳ ಸಂಘದಲ್ಲಿ ಸದಸ್ಯರಿಗೆ ಮಾತ್ರ ಪ್ರವೇಶವಿತ್ತು. ಚಪ್ಪಾಳೆಗೂ ಅವಕಾಶವಿಲ್ಲ, ಕೂಗಾಟಕ್ಕೂ ಇಲ್ಲ. ಆ ದಿನ ಏನು ನುಡಿಸಲಾಗುವುದೆಂದು ಮೊದಲೇ ತಿಳಿಸುತ್ತಿರಲಿಲ್ಲ. ಕಷ್ಟದ ಕೃತಿಗಳನ್ನು ಬಹಳ ಅಭ್ಯಾಸ ಮಾಡಿ, ಮತ್ತೆ ಮತ್ತೆ ನುಡಿಸುತ್ತಿದ್ದರು. ಮೂರು ವರ್ಷ ನಡೆದ ಮೇಲೆ ಹಣವಿಲ್ಲದೆ ಅದು ನಿಂತಿತು.

ಹನ್ನೆರಡು ಸ್ವರಗಳ ಸಾಲು

ಆಧಾರವನ್ನು ಬಿಟ್ಟದ್ದರಿಂದ ಒಂದು ನಿಜವಾದ ಕಷ್ಟ ಎದುರಾಗಿತ್ತು. ಮರಳಲು ಸ್ವರವೇ ಇಲ್ಲದಿದ್ದರೆ ದೀರ್ಘ ರಚನೆ ಎಲ್ಲಿ ತಿರುಗಬೇಕು, ಎಲ್ಲಿ ಮುಗಿಯಬೇಕು? ಆ ವರ್ಷಗಳ ಅವರ ಕೃತಿಗಳು ಒಂದೋ ತೀರಾ ಚಿಕ್ಕವು, ಇಲ್ಲವೇ ಕವಿತೆಯೊಂದರ ಊರುಗೋಲು ಹಿಡಿದವು. ಇದನ್ನು ಅವರೇ ಒಪ್ಪಿಕೊಂಡಿದ್ದರು. ಮೊದಲ ಮಹಾಯುದ್ಧದ ವರ್ಷಗಳಿಂದ 1923ರವರೆಗೆ ಅವರಿಂದ ಹೊಸ ಕೃತಿಗಳು ಹೊರಬರುವುದು ಹೆಚ್ಚುಕಡಿಮೆ ನಿಂತೇ ಹೋಯಿತು. ಆ ಮೌನದಲ್ಲಿ ರೂಪುಗೊಂಡದ್ದು ಹನ್ನೆರಡು ಸ್ವರಗಳ ವಿಧಾನ. ಆಸ್ಟ್ರಿಯದವರೇ ಆದ ಯೋಸೆಫ್ ಮಥಿಯಾಸ್ ಹೌವರ್ ಕೂಡ ಸ್ವಲ್ಪ ಮೊದಲು ತಮ್ಮದೇ ಆದ ಹನ್ನೆರಡು ಸ್ವರಗಳ ನಿಯಮವನ್ನು ಕಂಡುಕೊಂಡಿದ್ದರು. ಆದರೆ ಮುಂದಿನ ತಲೆಮಾರುಗಳು ಅನುಸರಿಸಿದ್ದು ಶೋನ್‌ಬರ್ಗ್ ಅವರ ದಾರಿಯನ್ನು.

ವಿಧಾನ ಇಷ್ಟು. ಪಿಯಾನೊದ ಒಂದು ಸ್ಥಾಯಿಯಲ್ಲಿ ಹನ್ನೆರಡು ಕೀಲಿಗಳಿವೆ. ಸಂಖ್ಯೆಯಲ್ಲಿ ಅವು ನಮ್ಮ ಹನ್ನೆರಡು ಸ್ವರಸ್ಥಾನಗಳಿಗೆ ಸಮ. ಈ ಹನ್ನೆರಡನ್ನೂ ತಲಾ ಒಮ್ಮೆ ಬರುವಂತೆ ಸಂಯೋಜಕರು ಒಂದು ಸಾಲಿನಲ್ಲಿ ಜೋಡಿಸಿಕೊಳ್ಳುತ್ತಾರೆ. ಒಂದು ಸ್ವರ ಬಂದ ಮೇಲೆ, ಕೂಡಲೇ ಅದನ್ನು ಮತ್ತೆ ನುಡಿಸಬಹುದಾದರೂ, ಉಳಿದ ಹನ್ನೊಂದೂ ಬಂದುಹೋಗುವವರೆಗೆ ಅದಕ್ಕೆ ಹಿಂದಿರುಗುವಂತಿಲ್ಲ. ಹೀಗಾಗಿ ಯಾವ ಸ್ವರವೂ ಉಳಿದವುಗಳ ಮೇಲೆ ಅಧಿಕಾರ ನಡೆಸುವುದಿಲ್ಲ.

ಒಂದು ನಿಜವಾದ ಸಾಲನ್ನೇ ನೋಡೋಣ. ಶೋನ್‌ಬರ್ಗ್ ಅವರ ಪಿಯಾನೊ ಸ್ವೀಟ್ (ಹಲವು ಬಿಡಿ ಭಾಗಗಳ ಗುಚ್ಛ), ಓಪಸ್ 25 (ಅಂದರೆ ಕೃತಿ ಸಂಖ್ಯೆ 25), ಇದರ ಸಾಲಿನ ಮೊದಲ ಸ್ವರವನ್ನು, ಹೆಸರಿಡುವ ಅನುಕೂಲಕ್ಕೆ ಮಾತ್ರ, ಷಡ್ಜ ಎಂದು ಕರೆದರೆ ಪೂರ್ತಿ ಸಾಲು ಹೀಗಾಗುತ್ತದೆ: ಷಡ್ಜ, ಶುದ್ಧ ರಿಷಭ, ಸಾಧಾರಣ ಗಾಂಧಾರ, ಚತುಶ್ರುತಿ ಧೈವತ, ಚತುಶ್ರುತಿ ರಿಷಭ, ಕಾಕಲಿ ನಿಷಾದ, ಅಂತರ ಗಾಂಧಾರ, ಕೈಶಿಕಿ ನಿಷಾದ, ಪಂಚಮ, ಶುದ್ಧ ಧೈವತ, ಶುದ್ಧ ಮಧ್ಯಮ, ಪ್ರತಿ ಮಧ್ಯಮ. ಎರಡು ಮಧ್ಯಮ, ಎರಡು ರಿಷಭ, ಎರಡು ಗಾಂಧಾರ, ಎರಡು ಧೈವತ, ಎರಡು ನಿಷಾದ, ಷಡ್ಜ ಪಂಚಮಗಳು. ಯಾವುದೂ ಬಿಟ್ಟಿಲ್ಲ, ಯಾವುದೂ ಎರಡು ಸಲ ಬಂದಿಲ್ಲ. ನಮ್ಮ ಯಾವ ರಾಗದ ಆರೋಹಣವೂ ಹೀಗಿರಲಾರದು, ಏಕೆಂದರೆ ಇಲ್ಲಿ ಷಡ್ಜವೆಂಬ ಹೆಸರಿದ್ದರೂ ಷಡ್ಜದ ಕೆಲಸವನ್ನು ಯಾವ ಸ್ವರವೂ ಮಾಡುತ್ತಿಲ್ಲ. ಸಾಲಿನ ಕೊನೆಯ ನಾಲ್ಕು ಸ್ವರಗಳನ್ನು ಹಿಂದಿನಿಂದ ಮುಂದಕ್ಕೆ ಓದಿದರೆ ಜರ್ಮನ್ ಸ್ವರಾಕ್ಷರಗಳಲ್ಲಿ ಬಿ, ಎ, ಸಿ, ಎಚ್ ಎಂದಾಗುತ್ತದೆ. ಅದು ಬಾಖ್ ಅವರ ಹೆಸರು. ಹೊಸ ವಿಧಾನದ ಮೊದಲ ದೊಡ್ಡ ಪ್ರಯೋಗದೊಳಗೆ ಇನ್ನೂರು ವರ್ಷ ಹಿಂದಿನ ಗುರುವಿನ ಹೆಸರು ಕುಳಿತಿದೆ. ಅಷ್ಟೇ ಅಲ್ಲ, ಆ ಸ್ವೀಟ್‌ನ ಬಹುಪಾಲು ಭಾಗಗಳು ಗವೋಟ್, ಮಿನುಯೆಟ್, ಜೀಗ್ ಮುಂತಾದ ಬಾಖ್ ಕಾಲದ ನೃತ್ಯ ಪ್ರಕಾರಗಳೇ ಆಗಿವೆ.

ಈ ಸಾಲನ್ನು ನಾಲ್ಕು ಬಗೆಯಲ್ಲಿ ಬಳಸಬಹುದು. ಇದ್ದ ಹಾಗೆಯೇ ಮುಂದಕ್ಕೆ, ಕೊನೆಯಿಂದ ಹಿಂದಕ್ಕೆ, ತಲೆಕೆಳಗಾಗಿ, ತಲೆಕೆಳಗಾದದ್ದನ್ನು ಹಿಂದಕ್ಕೆ. ತಲೆಕೆಳಗು ಎಂದರೆ ಮೂಲ ಸಾಲು ಎಷ್ಟು ಮೇಲಕ್ಕೆ ಏರಿತ್ತೋ ಅಷ್ಟೇ ಕೆಳಕ್ಕೆ ಇಳಿಯುವುದು. ಮೂಲದಲ್ಲಿ ಷಡ್ಜದಿಂದ ಒಂದು ಸ್ಥಾನ ಮೇಲಿನ ಶುದ್ಧ ರಿಷಭಕ್ಕೆ ಹೋದರೆ, ತಲೆಕೆಳಗಿನಲ್ಲಿ ಒಂದು ಸ್ಥಾನ ಕೆಳಗಿನ ಕಾಕಲಿ ನಿಷಾದಕ್ಕೆ ಇಳಿಯುತ್ತದೆ. ಈ ನಾಲ್ಕು ರೂಪಗಳನ್ನೂ ಹನ್ನೆರಡು ಸ್ವರಗಳಲ್ಲಿ ಯಾವುದರಿಂದಲಾದರೂ ಆರಂಭಿಸಬಹುದಾದ್ದರಿಂದ ಒಟ್ಟು 48 ರೂಪಗಳು ಸಿಗುತ್ತವೆ. ಈ ಸ್ವೀಟ್‌ನಲ್ಲಿ ಶೋನ್‌ಬರ್ಗ್ ಬಳಸಿದ್ದು ಎಂಟನ್ನು ಮಾತ್ರ. ಸಾಲಿನ ಸ್ವರಗಳನ್ನು ಒಂದೊಂದಾಗಿ ನುಡಿಸಬಹುದು, ಮೂರೋ ನಾಲ್ಕೋ ಸೇರಿಸಿ ಕಾರ್ಡ್ ಮಾಡಬಹುದು. ಲಯ, ಕಾಲ, ಸ್ಥಾಯಿ, ಮೆಲುದನಿ ಏರುದನಿ ಎಲ್ಲವೂ ಸಂಯೋಜಕರ ಇಚ್ಛೆ. ಆದ್ದರಿಂದ ಇದು ಲೆಕ್ಕದ ಸಂಗೀತ ಎನ್ನುವುದು ಸರಿಯಲ್ಲ. ಸಾಲು ಕೊಡುವುದು ಸಾಮಗ್ರಿಯನ್ನು, ಅದರಿಂದ ಏನು ಕಟ್ಟಬೇಕೆಂಬುದನ್ನು ಅದು ಹೇಳುವುದಿಲ್ಲ. ಕೇಳುವವರು ಸಾಲನ್ನು ಎಣಿಸುತ್ತಾ ಕೂರಬೇಕೆಂದು ಶೋನ್‌ಬರ್ಗ್ ಎಂದೂ ಬಯಸಲಿಲ್ಲ.

ಆ ಬೇಸಿಗೆ, ಆ ಊರು

ಈ ಸ್ವೀಟ್‌ನ ಮೊದಲ ಭಾಗ ಹುಟ್ಟಿದ ಸಂದರ್ಭವನ್ನು ಹೇಳಲೇಬೇಕು. 1921ರ ಬೇಸಿಗೆಯಲ್ಲಿ ಶೋನ್‌ಬರ್ಗ್ ಕುಟುಂಬ ಸಾಲ್ಜ್‌ಬರ್ಗ್ ಬಳಿಯ ಮಾಟ್‌ಜೇ ಎಂಬ ಸರೋವರದ ಊರಿಗೆ ಹೋಗಿತ್ತು. ಯಹೂದಿಗಳು ಊರು ಬಿಡಬೇಕೆಂದು ಅಲ್ಲಿನವರು ಒತ್ತಾಯಿಸಿದರು. ಶೋನ್‌ಬರ್ಗ್ 1898ರಲ್ಲೇ ಪ್ರಾಟೆಸ್ಟಂಟ್ ಕ್ರೈಸ್ತರಾಗಿದ್ದರೂ ಅದು ಲೆಕ್ಕಕ್ಕೆ ಬರಲಿಲ್ಲ. ಅವರು ಅಲ್ಲಿಂದ ಟ್ರೌನ್‌ಕಿರ್ಖೆನ್ ಎಂಬ ಇನ್ನೊಂದು ಊರಿಗೆ ಹೋದರು, ಜುಲೈಯಲ್ಲಿ ಸ್ವೀಟ್‌ನ ಮೊದಲ ಭಾಗವನ್ನು ಬರೆದರು. ಜರ್ಮನ್ ಸಂಗೀತದ ಮೇಲುಗೈಯನ್ನು ಮುಂದಿನ ನೂರು ವರ್ಷಗಳವರೆಗೆ ಖಚಿತಪಡಿಸುವಂಥದ್ದನ್ನು ಕಂಡುಹಿಡಿದಿದ್ದೇನೆ ಎಂದು ಆ ಬೇಸಿಗೆಯಲ್ಲಿ ಹೇಳಿದ್ದಾಗಿ ಶಿಷ್ಯ ಯೋಸೆಫ್ ರೂಫರ್ ದಾಖಲಿಸಿದ್ದಾರೆ. ಯಾವ ಸಂಸ್ಕೃತಿ ಅವರನ್ನು ಹೊರದೂಡುತ್ತಿತ್ತೋ ಅದರ ಪರಂಪರೆಯನ್ನು ಉಳಿಸುವ ಹೊಣೆಯನ್ನು ಅವರು ತಮ್ಮದೆಂದು ನಂಬಿದ್ದರು.

1926ರಲ್ಲಿ ಬರ್ಲಿನ್‌ನ ಪ್ರಷ್ಯನ್ ಕಲಾ ಅಕಾಡೆಮಿಯಲ್ಲಿ ಅವರು ಬೋಧನೆ ಆರಂಭಿಸಿದರು. ಏಳು ವರ್ಷ ನೆಮ್ಮದಿಯ ಕೆಲಸ. ‘ಮೋಸೆಸ್ ಉಂಡ್ ಆರೋನ್’ ಎಂಬ ಒಪೆರಾದ ಎರಡು ಅಂಕಗಳು ಆಗ ಪೂರ್ತಿಯಾದವು, ಮೂರನೆಯದಕ್ಕೆ ಸಂಗೀತ ಬರೆಯಲು ಅವರಿಂದ ಕೊನೆಗೂ ಆಗಲಿಲ್ಲ. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದಾಗ ಹುದ್ದೆ ಹೋಯಿತು. ಆ ಜುಲೈಯಲ್ಲಿ ಪ್ಯಾರಿಸ್‌ನಲ್ಲಿ ಅವರು ವಿಧಿವತ್ತಾಗಿ ಯಹೂದಿ ಧರ್ಮಕ್ಕೆ ಮರಳಿದರು. ಅಕ್ಟೋಬರ್ ಕೊನೆಯಲ್ಲಿ ಅಮೆರಿಕ ತಲುಪಿದರು. 1938ರಲ್ಲಿ ಡ್ಯೂಸೆಲ್‌ಡಾರ್ಫ್‌ನಲ್ಲಿ ನಾಜಿಗಳು ನಡೆಸಿದ ‘ಅಧಃಪತಿತ ಸಂಗೀತ’ ಪ್ರದರ್ಶನದಲ್ಲಿ ಅವರನ್ನೂ ಗುರಿಮಾಡಲಾಗಿತ್ತು.

ಲಾಸ್ ಏಂಜಲೀಸ್‌ನಲ್ಲಿ ಅವರು 1936ರಿಂದ 1944ರವರೆಗೆ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಮುಂದೆ ಸಂಯೋಜಕರಾಗಿ ಹೆಸರಾದ ಜಾನ್ ಕೇಜ್ ಆ ನಗರದಲ್ಲಿ ಅವರ ಶಿಷ್ಯರಾದರು. ಡೇವಿಡ್ ರಾಕ್ಸಿನ್ ಅವರಂತಹ ಹಾಲಿವುಡ್ ಸಂಯೋಜಕರು ಮನೆಗೆ ಬಂದು ಕಲಿತರು. ಅಮೆರಿಕದ ಸಂಯೋಜಕ ಜಾರ್ಜ್ ಗೆರ್ಶ್ವಿನ್ ಅವರೊಡನೆ ಟೆನಿಸ್ ಆಡುತ್ತಿದ್ದರು. 70ನೆಯ ವಯಸ್ಸಿಗೆ ನಿವೃತ್ತರಾದಾಗ ಎರಡನೆಯ ಮದುವೆಯ ಮೂವರು ಚಿಕ್ಕ ಮಕ್ಕಳಿದ್ದರು, ಆರಂಭದಲ್ಲಿ ಸಿಕ್ಕ ಪಿಂಚಣಿ ತಿಂಗಳಿಗೆ 40 ಡಾಲರ್‌ಗಿಂತಲೂ ಕಡಿಮೆ. ಅರ್ಧಕ್ಕೆ ನಿಂತಿದ್ದ ದೊಡ್ಡ ಕೃತಿಗಳನ್ನು ಮುಗಿಸಲು ಗುಗೆನ್‌ಹೈಮ್ ಪ್ರತಿಷ್ಠಾನಕ್ಕೆ ಹಾಕಿದ ಅರ್ಜಿ 1945ರಲ್ಲಿ ತಿರಸ್ಕೃತವಾಯಿತು. ಮುಂದಿನ ವರ್ಷ ಅವರ ಹೃದಯ ಕ್ಷಣಕಾಲ ನಿಂತು, ಚುಚ್ಚುಮದ್ದಿನಿಂದ ಮತ್ತೆ ಚಲಿಸಿತು. ಚೇತರಿಸಿಕೊಂಡ ಕೆಲವೇ ವಾರಗಳಲ್ಲಿ ಬರೆದದ್ದು ಮೂರು ತಂತಿ ವಾದ್ಯಗಳ ಸ್ಟ್ರಿಂಗ್ ಟ್ರಿಯೊ. ಅವರು 1951ರ ಜುಲೈ 13ರಂದು ತೀರಿಕೊಂಡರು.

ಮುಂದಿನವರು ಮಾಡಿದ್ದು

ಶಿಷ್ಯರಲ್ಲಿ ಬರ್ಗ್ ಹೊಸ ಭಾಷೆಯಲ್ಲೇ ಹಳೆಯ ಭಾವಾವೇಶವನ್ನು ತುಂಬಿದರು. 1925ರಲ್ಲಿ ಬರ್ಲಿನ್‌ನಲ್ಲಿ ಪ್ರದರ್ಶಿತವಾದ ‘ವೊಯ್ಚೆಕ್’ ಒಪೆರಾ ಇಂದಿಗೂ ಜಗತ್ತಿನ ರಂಗಮಂದಿರಗಳಲ್ಲಿದೆ. ವೆಬರ್ನ್ ಪ್ರತಿ ಸ್ವರವನ್ನೂ ತೂಗಿ ಇಡುವ, ಕೆಲವೇ ನಿಮಿಷಗಳ ರಚನೆಗಳತ್ತ ಹೋದರು. ಎರಡನೆಯ ಮಹಾಯುದ್ಧದ ನಂತರ ಯೂರೋಪಿನ ಯುವ ಸಂಯೋಜಕರು ಗುರುವಾಗಿ ಆರಿಸಿಕೊಂಡದ್ದು ಈ ವೆಬರ್ನ್ ಅವರನ್ನು. ಬೂಲೆ, ಸ್ಟಾಕ್‌ಹೌಸನ್ ಮುಂತಾದವರು ಸ್ವರಗಳ ಜೊತೆಗೆ ಕಾಲಾವಧಿ, ಧ್ವನಿಯ ಬಲ ಮುಂತಾದವನ್ನೂ ಸಾಲುಗಳಿಗೆ ಒಳಪಡಿಸಿದರು. ಶೋನ್‌ಬರ್ಗ್ ಹೊಸ ವಿಧಾನದಲ್ಲಿ ಹಳೆಯ ನೃತ್ಯರೂಪಗಳನ್ನು ಉಳಿಸಿಕೊಂಡದ್ದು ಬೂಲೆ ಅವರಿಗೆ ಹಿಡಿಸಲಿಲ್ಲ, ಅದನ್ನು ಅವರು ಬರೆದು ಖಂಡಿಸಿದರು. ನನ್ನ ದೃಷ್ಟಿಯಲ್ಲಿ ಅದು ದೋಷವಲ್ಲ, ಅವರ ಸಂಗೀತವನ್ನು ಅರಿಯಲು ಇರುವ ಕೀಲಿಕೈ. ತಾವು ಬ್ರಾಮ್ಸ್ ಅವರ ಮುಂದಿನ ಕೊಂಡಿ ಎಂದು ಅವರು ನಂಬಿದ್ದರು, ಬ್ರಾಮ್ಸ್ ಪ್ರಗತಿಪರರು ಎಂದು ವಾದಿಸುವ ಪ್ರಬಂಧವನ್ನೇ ಬರೆದರು. ಲಾಸ್ ಏಂಜಲೀಸ್‌ನಲ್ಲೇ ವರ್ಷಗಟ್ಟಲೆ ಇದ್ದೂ ಶೋನ್‌ಬರ್ಗ್ ಅವರಿಂದ ದೂರವೇ ಉಳಿದಿದ್ದ ರಷ್ಯನ್ ಮೂಲದ ಸಂಯೋಜಕ ಸ್ಟ್ರಾವಿನ್ಸ್ಕಿ, ಅವರು ತೀರಿಕೊಂಡ ಮೇಲೆ ತಮ್ಮ ಎಪ್ಪತ್ತರ ವಯಸ್ಸಿನಲ್ಲಿ ಸಾಲುಗಳ ವಿಧಾನವನ್ನು ಕೈಗೆತ್ತಿಕೊಂಡರು.

ಕೇಳಲು ಹೊರಟವರಿಗೆ

ಹನ್ನೆರಡು ಸ್ವರಗಳ ಕೃತಿಗಳಿಂದ ಆರಂಭಿಸಬೇಕಿಲ್ಲ. ಮೊದಲು ಅರ್ಧ ಗಂಟೆಯ ‘ವರ್ಕ್ಲೇರ್ಟೆ ನಾಖ್ಟ್’ ಕೇಳಿ. ನಂತರ ಎರಡನೆಯ ಕ್ವಾರ್ಟೆಟ್‌ನ ನಾಲ್ಕನೆಯ ಭಾಗ. ಗಾಯಕಿ ಹಾಡಲು ತೊಡಗುವ ಮೊದಲು ನಾಲ್ಕು ವಾದ್ಯಗಳು ಕೆಳಗಿನಿಂದ ಮೇಲಕ್ಕೆ ಒಂದಾದ ಮೇಲೊಂದು ಹಗುರವಾಗಿ ಏರುವುದನ್ನು ಗಮನಿಸಿ. ಆಮೇಲೆ ಓಪಸ್ 19ರ ಆರು ಪಿಯಾನೊ ತುಣುಕುಗಳು, ಆರೂ ಸೇರಿ ಆರು ನಿಮಿಷಕ್ಕೆ ಮುಗಿಯುತ್ತವೆ. ಕೊನೆಯದನ್ನು ಬರೆದದ್ದು 1911ರ ಜೂನ್‌ನಲ್ಲಿ, ಮಾಹ್ಲರ್ ತೀರಿಕೊಂಡ ಮರುತಿಂಗಳು. ಓಪಸ್ 25ರ ಸ್ವೀಟ್‌ಗೆ ಬರುವ ಹೊತ್ತಿಗೆ ಕಿವಿ ಷಡ್ಜವನ್ನು ಹುಡುಕುವುದನ್ನು ಸ್ವಲ್ಪವಾದರೂ ಬಿಟ್ಟಿರುತ್ತದೆ. ಆಗ ಸ್ವರಗಳ ಬದಲು ನೃತ್ಯದ ಲಯವನ್ನು ಹಿಂಬಾಲಿಸುವುದು ಒಳ್ಳೆಯದು.

1947ರ ‘ಎ ಸರ್ವೈವರ್ ಫ್ರಂ ವಾರ್ಸಾ’ ಕೇವಲ ಏಳು ನಿಮಿಷಗಳದ್ದು. ನಾಜಿಗಳ ಹತ್ಯಾಕಾಂಡದಲ್ಲಿ ಬದುಕುಳಿದವನೊಬ್ಬ ಇಂಗ್ಲಿಷಿನಲ್ಲಿ ಕಥೆ ಹೇಳುತ್ತಾನೆ, ಸೈನಿಕನ ಆಜ್ಞೆಗಳು ಜರ್ಮನ್‌ನಲ್ಲಿವೆ, ಸಾಯಲು ಸಾಲುಗಟ್ಟಿ ನಿಂತವರು ‘ಶೆಮಾ ಇಸ್ರೇಲ್’ ಪ್ರಾರ್ಥನೆಯನ್ನು ಹೀಬ್ರೂವಿನಲ್ಲಿ ಹಾಡುತ್ತಾರೆ. ಇದು ಪೂರ್ತಿ ಹನ್ನೆರಡು ಸ್ವರಗಳ ಕೃತಿ. ಮೊದಲ ಪ್ರದರ್ಶನ ನಡೆದದ್ದು 1948ರ ನವೆಂಬರ್ 4ರಂದು, ಯಾವ ಮಹಾನಗರದಲ್ಲೂ ಅಲ್ಲ, ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿಯಲ್ಲಿ. ವಿಯೆನ್ನಾದಿಂದಲೇ ವಲಸೆ ಬಂದಿದ್ದ ಕುರ್ಟ್ ಫ್ರೆಡೆರಿಕ್ ಅದನ್ನು ನಿರ್ದೇಶಿಸಿದರು. ಆ ಸಂಜೆ ಕೃತಿಯನ್ನು ಒಮ್ಮೆ ನುಡಿಸಿದ ಮೇಲೆ, ಅಲ್ಲೇ, ಅದೇ ಸಭೆಗೆ ಇನ್ನೊಮ್ಮೆ ನುಡಿಸಿದರು.